ಕಾರ್ ಸ್ಟೀರಿಯೋ ವೈರಿಂಗ್: ಬಣ್ಣ ನಂಬಬೇಡಿ, ಮೀಟರ್ ಹಿಡಿಯಿರಿ

ಪ್ರಶ್ನೆ: ನನ್ನ ಹಳೆಯ ಹ್ಯಾಚ್‌ಬ್ಯಾಕ್ ಕಾರಿಗೆ ಟಚ್‌ಸ್ಕ್ರೀನ್ ಸ್ಟೀರಿಯೋ ತಂದಿದ್ದೇನೆ. ಕಾರಿನಲ್ಲಿರುವ ಕಪ್ಲರ್‌ಗೂ ಹೊಸ ಸ್ಟೀರಿಯೋ ಜೊತೆ ಬಂದ ವೈರ್ ಗೊಂಚಲಿಗೂ ತಾಳೆಯೇ ಆಗುತ್ತಿಲ್ಲ. ಗೆಳೆಯನೊಬ್ಬ ‘ಕಪ್ಲರ್ ಕತ್ತರಿಸು, ಬಣ್ಣಕ್ಕೆ ಬಣ್ಣ ಸೇರಿಸಿ ಟೇಪ್ ಸುತ್ತು, ಅಷ್ಟೇ’ ಎನ್ನುತ್ತಾನೆ. ಒಂದು ತಿಳಿಹಸಿರು ವೈರ್ ಇದೆ, ಅದನ್ನು ಬಾಡಿಗೆ ಅರ್ತ್ ಮಾಡಿಬಿಡು ಎಂದೂ ಹೇಳಿದ. ಪ್ಲಗ್ ಟಾಪ್ ಬದಲಾಯಿಸಿದ್ದು ಬಿಟ್ಟರೆ ನನಗೆ ವೈರಿಂಗ್ ಗೊತ್ತಿಲ್ಲ. ನಾನೇ ಕೂರಿಸಬಹುದೇ? ಏನಾದರೂ ಸುಟ್ಟುಹೋದರೆ?

ಉತ್ತರ: ಧಾರಾಳವಾಗಿ ನೀವೇ ಕೂರಿಸಬಹುದು. ಆದರೆ ಗೆಳೆಯರ ಮೂರು ಸಲಹೆಗಳನ್ನೂ ಪಕ್ಕಕ್ಕಿಡಿ. ಕಪ್ಲರ್ ಕತ್ತರಿಸಬೇಡಿ, ಬಣ್ಣ ನಂಬಬೇಡಿ, ಬರೀ ಟೇಪ್ ಸುತ್ತಬೇಡಿ. ಹಸಿರು ವೈರಿನ ವಿಷಯ ಕೊನೆಗೆ ಹೇಳುತ್ತೇನೆ.

ಬಣ್ಣದಿಂದಲೇ ಶುರು ಮಾಡೋಣ, ಹೊಸಬರು ಹೆಚ್ಚಾಗಿ ಎಡವುವುದು ಅಲ್ಲೇ. ನಿಮ್ಮ ಹೊಸ ಸ್ಟೀರಿಯೋದ ವೈರುಗಳಿಗೆ ಒಂದು ಬಣ್ಣದ ಪದ್ಧತಿ ಇದೆ, ಬಹುತೇಕ ಸ್ಟೀರಿಯೋ ಕಂಪನಿಗಳು ಅದನ್ನು ಪಾಲಿಸುತ್ತವೆ. ಹಳದಿ ಎಂದರೆ ಬ್ಯಾಟರಿಯಿಂದ ಸದಾ ಬರುವ 12 ವೋಲ್ಟ್. ಕೆಂಪು ಎಂದರೆ ಕೀ ತಿರುಗಿಸಿದಾಗ ಮಾತ್ರ ಬರುವ 12 ವೋಲ್ಟ್. ಕಪ್ಪು ಅರ್ತ್, ಅಂದರೆ ಕಾರಿನ ಲೋಹದ ಬಾಡಿಯ ಮೂಲಕ ಬ್ಯಾಟರಿಯ ಮೈನಸ್ಸಿಗೆ ಸೇರುವ ವೈರ್. ನೀಲಿ ಆಂಟೆನಾಗೆ, ನೀಲಿ-ಬಿಳಿ ಪಟ್ಟೆಯದು ಹೊರಗಿನ ಆಂಪ್ಲಿಫೈಯರ್ ಎಬ್ಬಿಸಲಿಕ್ಕೆ, ಕಿತ್ತಳೆ ಪಾರ್ಕಿಂಗ್ ಲೈಟ್ ಹಾಕಿದಾಗ ಸ್ಕ್ರೀನ್ ಮಂದವಾಗಲಿಕ್ಕೆ. ಸ್ಪೀಕರುಗಳಿಗೆ ಜೋಡಿ ಜೋಡಿ: ಮುಂದಿನ ಎಡಕ್ಕೆ ಬಿಳಿ, ಮುಂದಿನ ಬಲಕ್ಕೆ ಬೂದು, ಹಿಂದಿನ ಎಡಕ್ಕೆ ಹಸಿರು, ಹಿಂದಿನ ಬಲಕ್ಕೆ ನೇರಳೆ. ಪ್ರತಿ ಜೋಡಿಯಲ್ಲಿ ಕಪ್ಪು ಗೆರೆ ಇರುವುದು ಮೈನಸ್.

ಇದೆಲ್ಲ ಸ್ಟೀರಿಯೋ ಕಡೆಯ ಕಥೆ. ಕಾರಿನ ಕಡೆ ಈ ಪದ್ಧತಿಗೆ ಕಿಮ್ಮತ್ತಿಲ್ಲ. ಕಾರು ತಯಾರಿಸುವವರು ತಮ್ಮದೇ ಲೆಕ್ಕದಲ್ಲಿ ಬಣ್ಣ ಕೊಡುತ್ತಾರೆ, ಒಂದೇ ಕಂಪನಿಯ ಎರಡು ಮಾದರಿಗಳಲ್ಲೂ ಅದು ಬೇರೆಯಾಗಬಹುದು. ಕಾರಿನ ಕೆಂಪು ವೈರ್ ಸ್ಪೀಕರಿಗೆ ಹೋಗುತ್ತಿದ್ದರೂ ಆಶ್ಚರ್ಯವಿಲ್ಲ. ಇನ್ನೊಂದು ಅಪಾಯವಿದೆ: ಸ್ಟೀರಿಯೋದಲ್ಲಿ ಹಳದಿ ಎಂದರೆ ಬ್ಯಾಟರಿ, ಆದರೆ ಡ್ಯಾಶ್‌ಬೋರ್ಡ್ ಒಳಗೆ ಹಳದಿ ಸ್ಲೀವ್ ಅಥವಾ ಹಳದಿ ಕಪ್ಲರ್ ಕಂಡರೆ ಅದು ಸಾಮಾನ್ಯವಾಗಿ ಏರ್‌ಬ್ಯಾಗಿನದು. ಅದನ್ನು ಬಿಚ್ಚಬೇಡಿ, ಚುಚ್ಚಬೇಡಿ, ಅದಕ್ಕೆ ಮೀಟರನ್ನೂ ಹಿಡಿಯಬೇಡಿ. ಏರ್‌ಬ್ಯಾಗ್ ಸಿಡಿಸಲು ತೀರಾ ಕಡಿಮೆ ಕರೆಂಟ್ ಸಾಕು.

ಕೆಲಸ ಶುರುಮಾಡುವ ಮುನ್ನ ಎರಡು ಸಾಮಾನು ತರಿಸಿಕೊಳ್ಳಿ. ಒಂದು, ನಿಮ್ಮ ಕಾರಿನ ಮಾದರಿಗೆ ತಕ್ಕ ಅಡಾಪ್ಟರ್ ಹಾರ್ನೆಸ್. ಇದರ ಒಂದು ತುದಿ ಕಾರಿನ ಕಪ್ಲರಿಗೆ ಸರಿಯಾಗಿ ಕೂರುತ್ತದೆ, ಇನ್ನೊಂದು ತುದಿಯಲ್ಲಿ ಬಿಡಿ ವೈರುಗಳಿರುತ್ತವೆ ಅಥವಾ ಐಎಸ್‌ಒ 10487 ಮಾದರಿಯ ಕಪ್ಲರ್ ಇರುತ್ತದೆ. ಜಾಯಿಂಟುಗಳೆಲ್ಲ ಈ ಅಡಾಪ್ಟರಿಗೂ ಸ್ಟೀರಿಯೋ ವೈರಿಗೂ ನಡುವೆ, ಮೇಜಿನ ಮೇಲೆ, ಬೆಳಕಿನಲ್ಲಿ ನಡೆಯುತ್ತವೆ. ಕಾರಿನೊಳಗೆ ತಲೆ ತೂರಿಸಿ, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು ವೈರ್ ಸುಲಿಯುವ ಪಾಡು ತಪ್ಪುತ್ತದೆ. ಜಾಯಿಂಟ್ ತಪ್ಪಾದರೆ ಹಾಳಾಗುವುದು ಅಡಾಪ್ಟರ್ ಮಾತ್ರ, ಕಾರಿನ ಮೂಲ ವೈರಿಂಗ್ ಹಾಗೇ ಉಳಿಯುತ್ತದೆ. ನಾಳೆ ಹಳೆಯ ಸ್ಟೀರಿಯೋ ವಾಪಸ್ ಹಾಕಬೇಕೆಂದರೂ ಎರಡು ನಿಮಿಷದ ಮಾತು. ಎರಡನೆಯದು, ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್.

ಅಳತೆಯನ್ನೂ ಈಗಲೇ ನೋಡಿಬಿಡಿ. ಸಿಂಗಲ್ ಡಿನ್ ಎಂದರೆ ಮುಖ ಸುಮಾರು 180×50 ಮಿ.ಮೀ., ಡಬಲ್ ಡಿನ್ ಎಂದರೆ 180×100 ಮಿ.ಮೀ. ಕಾರಿನ ತೆರಪು ಬೇರೆ ಆಕಾರದಲ್ಲಿದ್ದರೆ ಅದರದೇ ಫ್ರೇಮ್ ಬೇಕು. ಮುಂದಿನ ಅಳತೆಯನ್ನು ಎಲ್ಲರೂ ನೋಡುತ್ತಾರೆ, ಹಿಂದಿನ ಆಳವನ್ನು ಮರೆಯುತ್ತಾರೆ. ಸ್ಟೀರಿಯೋ ಹಿಂದೆ ಈ ಕಪ್ಲರ್, ಆಂಟೆನಾ, ಯುಎಸ್‌ಬಿ ಕೇಬಲ್ಲುಗಳೆಲ್ಲ ಮುದುಡಿ ಕೂರಬೇಕಲ್ಲ, ಅದಕ್ಕೂ ಜಾಗ ಬೇಕು.

ಬಿಚ್ಚುವಾಗ ಬ್ಯಾಟರಿಯ ಮೈನಸ್ ಟರ್ಮಿನಲ್ ಮೊದಲು ತೆಗೆಯಿರಿ, ಕೂರಿಸುವಾಗ ಅದನ್ನೇ ಕೊನೆಗೆ ಹಾಕಿ. ಪ್ಲಸ್ ಮೊದಲು ಬಿಚ್ಚಲು ಹೋಗಿ ಸ್ಪ್ಯಾನರ್ ಬಾಡಿಗೆ ತಾಗಿದರೆ ನೇರ ಶಾರ್ಟ್. ಮೈನಸ್ ತೆಗೆದ ಮೇಲೂ ಕೆಲವು ನಿಮಿಷ ಕಾಯಿರಿ, ಏರ್‌ಬ್ಯಾಗ್ ಸರ್ಕ್ಯೂಟಿನಲ್ಲಿ ಉಳಿದ ಚಾರ್ಜ್ ಇಳಿಯಬೇಕು. ಹಳೆಯ ಸ್ಟೀರಿಯೋವನ್ನು ಮತ್ತೆ ಬಳಸುವ ಯೋಚನೆ ಇದ್ದು ಅದಕ್ಕೆ ಸೆಕ್ಯುರಿಟಿ ಕೋಡ್ ಇದ್ದರೆ ಬ್ಯಾಟರಿ ತೆಗೆಯುವ ಮುನ್ನವೇ ಬರೆದಿಟ್ಟುಕೊಳ್ಳಿ. ಪ್ಯಾನೆಲ್ ಎಬ್ಬಿಸಲು ಸ್ಕ್ರೂ ಡ್ರೈವರ್ ಬೇಡ, ಪ್ಲಾಸ್ಟಿಕ್ ಪಟ್ಟಿ ಬಳಸಿ. ಎಲ್ಲೋ ಬಿಗಿಯಾಗಿದೆ ಎನಿಸಿದರೆ ಅಲ್ಲೊಂದು ಕಾಣದ ಸ್ಕ್ರೂ ಇದೆ ಎಂದೇ ಅರ್ಥ. ಜಗ್ಗಬೇಡಿ, ಹುಡುಕಿ.

ಈಗ ಅಳೆಯುವ ಕೆಲಸ. ಇದಕ್ಕೆ ಬ್ಯಾಟರಿ ಮತ್ತೆ ಸೇರಿಸಬೇಕು. ಹಜಾರ್ಡ್ ಸ್ವಿಚ್ಚೋ ಎ.ಸಿ. ಪ್ಯಾನೆಲ್ಲೋ ಬಿಚ್ಚಿದ್ದರೆ ಕೀ ಆನ್ ಮಾಡುವ ಮುನ್ನ ಅವುಗಳ ಕಪ್ಲರ್ ಹಾಕಿಡಿ, ಇಲ್ಲದಿದ್ದರೆ ಮೀಟರ್ ಬೋರ್ಡಿನಲ್ಲಿ ಬೇಡದ ವಾರ್ನಿಂಗ್ ಲೈಟು ಬಂದು ಕೂರಬಹುದು. ಮಲ್ಟಿಮೀಟರನ್ನು ಡಿ.ಸಿ. 20 ವೋಲ್ಟಿಗೆ ಇಡಿ. ಮೊದಲು ಬ್ಯಾಟರಿಯ ಮೇಲೇ ಹಿಡಿದು ನೋಡಿ. ಎಂಜಿನ್ ಬಂದ್ ಇದ್ದಾಗ 12.4ರಿಂದ 12.7ರ ಆಸುಪಾಸು ತೋರಿಸಬೇಕು. ಮೀಟರ್ ಸರಿ ಇದೆ, ನೀವು ಹಿಡಿದ ರೀತಿಯೂ ಸರಿ ಇದೆ ಎಂದು ಇದರಿಂದ ಖಾತ್ರಿ. ಆಮೇಲೆ ಮೀಟರಿನ ಕಪ್ಪು ಕಡ್ಡಿಯನ್ನು ಡ್ಯಾಶ್ ಒಳಗಿನ ಬಣ್ಣವಿಲ್ಲದ ಲೋಹದ ಬೋಲ್ಟಿಗೆ ಒತ್ತಿ ಹಿಡಿಯಿರಿ, ಕೆಂಪು ಕಡ್ಡಿಯನ್ನು ಕಾರಿನ ಸ್ಟೀರಿಯೋ ಕಪ್ಲರಿನ ಒಂದೊಂದೇ ಪಿನ್ನಿಗೆ ಮುಟ್ಟಿಸುತ್ತ ಹೋಗಿ. ಒಂದೇ ಪಿನ್, ಪಕ್ಕದ್ದಕ್ಕೆ ತಾಗಬಾರದು.

ಕೀ ತೆಗೆದಿರುವಾಗಲೂ 12 ವೋಲ್ಟ್ ತೋರಿಸುವುದು ನಿಮ್ಮ ಹಳದಿಯ ಜೋಡಿ. ಕೀಯನ್ನು ಆ್ಯಕ್ಸೆಸರಿ ಹಂತಕ್ಕೆ ತಿರುಗಿಸಿದಾಗ ಹೊಸದಾಗಿ 12 ವೋಲ್ಟ್ ಬರುವುದು ಕೆಂಪಿನ ಜೋಡಿ. ಪಾರ್ಕಿಂಗ್ ಲೈಟ್ ಹಾಕಿದಾಗ ಮಾತ್ರ ಬರುವುದು ಕಿತ್ತಳೆಯ ಜೋಡಿ. ಒಂದು ಹಾಳೆಯಲ್ಲಿ ಕಪ್ಲರಿನ ಚಿತ್ರ ಬರೆದು ಪ್ರತಿ ಪಿನ್ನಿನ ಮುಂದೆ ಓದು ಬರೆಯಿರಿ, ತಲೆಯಲ್ಲಿ ಇಟ್ಟುಕೊಳ್ಳುವ ಸಾಹಸ ಬೇಡ.

ಅರ್ತ್ ಹುಡುಕುವಾಗ ಮೀಟರ್ ಮೋಸ ಮಾಡಬಹುದು. ಕೆಂಪು ಕಡ್ಡಿಯನ್ನು ಸದಾ 12 ವೋಲ್ಟ್ ಇರುವ ಪಿನ್ನಿಗೂ ಕಪ್ಪು ಕಡ್ಡಿಯನ್ನು ಅರ್ತ್ ಎಂದು ಅನುಮಾನವಿರುವ ಪಿನ್ನಿಗೂ ಹಿಡಿದರೆ 12 ತೋರಿಸುತ್ತದೆ, ಸರಿ. ಆದರೆ ಲೈಟ್ ಬಂದ್ ಇರುವಾಗ ಕಿತ್ತಳೆಯ ಜೋಡಿ ವೈರೂ ಡ್ಯಾಶ್‌ಬೋರ್ಡಿನ ಬಲ್ಬುಗಳ ಮೂಲಕ ಅರ್ತಿಗೆ ಸೇರಿರುತ್ತದೆ. ಅದಕ್ಕೆ ಹಿಡಿದರೂ ಮೀಟರ್ 12 ಎಂದೇ ಹೇಳುತ್ತದೆ, ಏಕೆಂದರೆ ಮೀಟರ್ ಎಳೆಯುವ ಕರೆಂಟ್ ಹೆಚ್ಚುಕಡಿಮೆ ಸೊನ್ನೆ. ಇಂಥ ಕಡೆ 12 ವೋಲ್ಟಿನ 21 ವ್ಯಾಟ್ ಇಂಡಿಕೇಟರ್ ಬಲ್ಬಿಗೆ ಎರಡು ವೈರ್ ಹಚ್ಚಿ, ಅದರಲ್ಲೊಂದಕ್ಕೆ 5 ಆಂಪಿಯರ್ ಫ್ಯೂಸ್ ಹಾಕಿ ಅದೇ ಎರಡು ಪಿನ್ನಿಗೆ ಹಿಡಿಯಿರಿ. ನಿಜವಾದ ಅರ್ತ್ ಆದರೆ ಬಲ್ಬು ಝಗ್ಗನೆ ಉರಿಯುತ್ತದೆ, ಸುಳ್ಳು ಅರ್ತ್ ಆದರೆ ಮಿಣುಕುತ್ತದೆ ಅಥವಾ ಉರಿಯುವುದೇ ಇಲ್ಲ. ಈ ಬಲ್ಬಿನ ಆಟ ಸ್ಟೀರಿಯೋ ಕಪ್ಲರಿನಲ್ಲಿ, ಈ ಎರಡು ಪಿನ್ನುಗಳ ನಡುವೆ ಮಾತ್ರ. ಬೇರೆ ಯಾವ ಕಪ್ಲರಿಗೂ ಬಲ್ಬು ಹಿಡಿಯಬೇಡಿ.

ಕಪ್ಲರಿನ ಅರ್ತ್ ನೆಚ್ಚುವಂತಿಲ್ಲ ಎನಿಸಿದರೆ ಕಪ್ಪು ವೈರಿಗೆ ರಿಂಗ್ ಲಗ್ (ಬೋಲ್ಟ್ ತೂರುವ ಬಳೆಯಾಕಾರದ ಲೋಹದ ತುದಿ) ಹಾಕಿ, ಬಾಡಿಯ ಮೇಲೆ ಬಣ್ಣ ಕೆರೆದ ಜಾಗದಲ್ಲಿ ಬೋಲ್ಟಿನಡಿ ಬಿಗಿಯಿರಿ. ಡ್ಯಾಶ್‌ಬೋರ್ಡಿನೊಳಗಿನ ಯಾವುದೋ ತಗಡಿನ ಪಟ್ಟಿಗೆ ಸಿಕ್ಕಿಸುವವರಿದ್ದಾರೆ. ಅದು ಪ್ಲಾಸ್ಟಿಕ್ಕಿಗೆ ಅಂಟಿದ ಪಟ್ಟಿಯಾಗಿದ್ದರೆ ಸ್ಟೀರಿಯೋ ಆನ್ ಆಗುವುದಿಲ್ಲ, ಹೇಗೋ ಆನ್ ಆದರೂ ದನಿ ಏರಿಸಿದಾಗ ಬಂದ್ ಆಗುತ್ತದೆ. ಎಂಜಿನ್ ಜೊತೆಗೆ ಏರಿಳಿಯುವ ‘ಕುಂಯ್’ ಸದ್ದಿಗೂ ಕೆಟ್ಟ ಅರ್ತೇ ಮುಖ್ಯ ಕಾರಣಗಳಲ್ಲಿ ಒಂದು.

ಹಳದಿ ಮತ್ತು ಕೆಂಪಿನ ಕೆಲಸ ಬೇರೆ ಬೇರೆ. ಹಳದಿ ಬರೀ ಗಡಿಯಾರದ ನೆನಪಿಗೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ, ಹಾಡಿನ ಪೂರ್ತಿ ಶಕ್ತಿ ಬರುವುದೂ ಅದರಲ್ಲೇ. ಕೆಂಪು ಎಬ್ಬಿಸುವವನು, ಹಳದಿ ಅನ್ನ ಹಾಕುವವನು. ಎರಡನ್ನೂ ಒಟ್ಟಿಗೆ ಸದಾ ಕರೆಂಟಿರುವ ವೈರಿಗೆ ಸೇರಿಸಿದರೆ ಕೀ ತೆಗೆದರೂ ಸ್ಟೀರಿಯೋ ಮಲಗುವುದಿಲ್ಲ, ಕಾರು ನಿಲ್ಲಿಸಿಟ್ಟಲ್ಲೇ ಬ್ಯಾಟರಿ ಇಳಿದುಹೋಗುತ್ತದೆ. ಎರಡನ್ನೂ ಕೀ ವೈರಿಗೆ ಸೇರಿಸಿದರೆ ಪ್ರತಿ ಸಲ ಗಂಟೆ, ಸ್ಟೇಷನ್ನು, ಫೋನ್ ಜೋಡಣೆ ಎಲ್ಲ ಮರೆತುಹೋಗುತ್ತದೆ. ಐಎಸ್‌ಒ ಕಪ್ಲರಿನಲ್ಲಿ ಎ4 ಪಿನ್ ಸದಾ ಕರೆಂಟಿಗೆ, ಎ7 ಪಿನ್ ಕೀಗೆ ಎಂಬುದು ರೂಢಿ. ಕೆಲವು ಕಾರುಗಳಲ್ಲಿ ಇವೆರಡು ಅದಲುಬದಲಾಗಿರುತ್ತವೆ. ಹೀಗಾಗಿಯೇ ಕಪ್ಲರ್ ‘ಟಕ್’ ಎಂದು ಕೂತ ಮಾತ್ರಕ್ಕೆ ಕನೆಕ್ಷನ್ ಸರಿ ಎಂದುಕೊಳ್ಳಬಾರದು. ಅನೇಕ ಅಡಾಪ್ಟರುಗಳಲ್ಲಿ ಹಳದಿ, ಕೆಂಪು ವೈರಿನ ನಡುವೆ ಬಿಚ್ಚಿ ಅದಲುಬದಲು ಮಾಡುವ ಚಿಕ್ಕ ಬುಲೆಟ್ ಕನೆಕ್ಟರ್ ಕೊಟ್ಟಿರುವುದು ಈ ಕಾರಣಕ್ಕೇ.

ಎಷ್ಟು ಹುಡುಕಿದರೂ ಕೀಗೆ ಸ್ಪಂದಿಸುವ ವೈರ್ ಸಿಗದಿದ್ದರೆ ನಿಮ್ಮ ಕಾರು ಕ್ಯಾನ್ ಬಸ್ (ಕಾರಿನ ಭಾಗಗಳು ಪರಸ್ಪರ ಸಂದೇಶ ಕಳಿಸುವ ಜಾಲ) ಬಳಸುತ್ತಿರಬಹುದು. ಅಲ್ಲಿ ‘ಕೀ ಆನ್ ಆಗಿದೆ’ ಎಂಬುದು ವೋಲ್ಟೇಜ್ ಆಗಿ ಬರುವುದಿಲ್ಲ, ಡೇಟಾ ಸಂದೇಶವಾಗಿ ಬರುತ್ತದೆ. ಅದಕ್ಕೆ ಕ್ಯಾನ್ ಬಸ್ ಅಡಾಪ್ಟರ್ ಬೇಕು, ಸ್ಟೀರಿಂಗ್ ಮೇಲಿನ ಬಟನ್ನುಗಳೂ ಅದರಿಂದಲೇ ಕೆಲಸ ಮಾಡುತ್ತವೆ. ಕಂಡ ವೈರಿಗೆ ಕೈಹಾಕಿ ಕರೆಂಟ್ ಕದಿಯಬೇಡಿ.

ಇನ್ನು ಸ್ಪೀಕರ್ ವೈರುಗಳು. ಸ್ಟೀರಿಯೋ ಸುಡುವುದಿದ್ದರೆ ಹೆಚ್ಚಾಗಿ ಇಲ್ಲಿಂದಲೇ ಸುಡುತ್ತದೆ. ಸ್ಪೀಕರಿನ ಮೈನಸ್ ಎಂದರೆ ಅರ್ತ್ ಅಲ್ಲ. ಈಗಿನ ಸ್ಟೀರಿಯೋಗಳು ಸ್ಪೀಕರಿನ ಎರಡೂ ವೈರನ್ನು ತಾವೇ ಓಡಿಸುತ್ತವೆ. ಒಂದರ ವೋಲ್ಟೇಜ್ ಏರಿದಾಗ ಇನ್ನೊಂದರದು ಇಳಿಯುತ್ತದೆ. ಹಾಡು ಇಲ್ಲದಾಗಲೂ ಎರಡೂ ವೈರುಗಳು ಬಾಡಿಯಿಂದ ಸುಮಾರು 6 ವೋಲ್ಟ್ ಮೇಲೆ ಕೂತಿರುತ್ತವೆ. ಆ ಮೈನಸ್ಸನ್ನು ಬಾಡಿಗೆ ಮುಟ್ಟಿಸಿದಿರೋ, ಒಳಗಿನ ಆಂಪ್ಲಿಫೈಯರ್ ಚಿಪ್ ಅದೃಷ್ಟವಿದ್ದರೆ ಪ್ರೊಟೆಕ್ಷನ್ನಿಗೆ ಹೋಗುತ್ತದೆ, ಇಲ್ಲದಿದ್ದರೆ ಸುಡುತ್ತದೆ. ನಾಲ್ಕು ಸ್ಪೀಕರುಗಳ ಮೈನಸ್ ಒಟ್ಟುಗೂಡಿಸುವುದೂ ಅಷ್ಟೇ ತಪ್ಪು.

ಸ್ಪೀಕರ್ ಜೋಡಿ ಗುರುತಿಸಲು ಬ್ಯಾಟರಿ ಬಿಚ್ಚಿ, ಮೀಟರನ್ನು ಓಮ್ಸ್‌ಗೆ ತಿರುಗಿಸಿ. 4 ಓಮ್ಸ್ ಸ್ಪೀಕರ್ ಮೀಟರಿನಲ್ಲಿ ಸಾಮಾನ್ಯವಾಗಿ 3ರಿಂದ 4ರ ನಡುವೆ ಓದುತ್ತದೆ. ಹಾಗೆ ಓದುವ ಎರಡು ವೈರುಗಳೇ ಒಂದು ಜೋಡಿ. ಆಮೇಲೆ ಪ್ರತಿ ಸ್ಪೀಕರ್ ವೈರಿಗೂ ಬಾಡಿಗೂ ನಡುವೆ ಅಳೆಯಿರಿ, ಸಂಪರ್ಕವೇ ಇಲ್ಲವೆಂದು ತೋರಿಸಬೇಕು. ಸಂಪರ್ಕ ಇದೆಯೆಂದು ತೋರಿಸಿದರೆ ಬಾಗಿಲ ಹತ್ತಿರ ಎಲ್ಲೋ ವೈರ್ ಉಜ್ಜಿ ಬಾಡಿಗೆ ತಾಗಿದೆ, ಅದನ್ನು ಸರಿಪಡಿಸದೆ ಹೊಸ ಸ್ಟೀರಿಯೋ ಜೋಡಿಸಬೇಡಿ. ಜೋಡಿಯ ಎರಡು ವೈರುಗಳ ನಡುವಿನ ಓದು ಸಾವಿರಗಟ್ಟಲೆ ಓಮ್ಸ್ ಬಂದರೆ ಕಾರಿನಲ್ಲಿ ಬೇರೆ ಕಡೆ ಕಂಪನಿಯ ಆಂಪ್ಲಿಫೈಯರ್ ಕೂತಿರುವ ಸಾಧ್ಯತೆ ಹೆಚ್ಚು, ಅದಕ್ಕೆ ಬೇರೆಯೇ ಅಡಾಪ್ಟರ್ ಬೇಕು.

ಯಾವ ಜೋಡಿ ಯಾವ ಮೂಲೆಯದು ಎಂದು ತಿಳಿಯಲು ಒಂದೂವರೆ ವೋಲ್ಟಿನ ಪೆನ್ಸಿಲ್ ಸೆಲ್ ಸಾಕು. ಜೋಡಿಗೆ ಕ್ಷಣಮಾತ್ರ ಮುಟ್ಟಿಸಿ, ಯಾವ ಬಾಗಿಲಿನಿಂದ ‘ಟಪ್’ ಎಂಬ ಸದ್ದು ಬಂತೋ ಅದು ಆ ಸ್ಪೀಕರ್. ಸ್ಪೀಕರ್ ಕಾಣುವಂತಿದ್ದರೆ ಕೋನ್ ಗಮನಿಸಿ. ಹೊರಕ್ಕೆ ಜಿಗಿದರೆ ಸೆಲ್ಲಿನ ಪ್ಲಸ್ ತಾಗಿದ್ದೇ ಸ್ಪೀಕರಿನ ಪ್ಲಸ್. ಒಂದು ಬದಿಯದು ತಿರುವುಮುರುವಾದರೆ ಏನೂ ಸುಡುವುದಿಲ್ಲ, ಆದರೆ ಒಂದು ಕೋನ್ ಮುಂದೆ ಬಂದಾಗ ಇನ್ನೊಂದು ಹಿಂದೆ ಹೋಗಿ ಬೇಸ್ ಕರಗಿಹೋಗುತ್ತದೆ. ‘ಹೊಸ ಸ್ಟೀರಿಯೋಗಿಂತ ಹಳೆಯದೇ ಚೆನ್ನಾಗಿತ್ತು’ ಎಂಬ ದೂರಿನ ಹಿಂದೆ ಇದೇ ಇರುವುದುಂಟು. ಪೆಟ್ಟಿಗೆಯ ಮೇಲಿನ ‘50 ವ್ಯಾಟ್ × 4’ ನೋಡಿ ಬೆರಗಾಗುವುದೂ ಬೇಡ. ಸ್ಟೀರಿಯೋ ಹಿಂಬದಿಯ ಫ್ಯೂಸ್ 10 ಆಂಪಿಯರ್ ಇದ್ದರೆ 14 ವೋಲ್ಟಿನಲ್ಲಿ ಒಳಗೆ ಹೋಗುವುದೇ 140 ವ್ಯಾಟ್, ಅದರಲ್ಲಿ ಒಂದಷ್ಟು ಬಿಸಿಯಾಗಿ ಹೋಗುತ್ತದೆ. 200 ಹೊರಗೆ ಬರುವುದೆಲ್ಲಿಂದ?

ಜೋಡಿಸುವಾಗ ಬ್ಯಾಟರಿ ಬಿಚ್ಚಿಯೇ ಇರಲಿ. ವೈರಿನ ತುದಿಯಲ್ಲಿ 6-7 ಮಿ.ಮೀ. ಮಾತ್ರ ಸುಲಿಯಿರಿ, ಒಳಗಿನ ಎಳೆ ಒಂದೂ ಕತ್ತರಿಸಬಾರದು. ಬಿಸಿ ತಾಗಿದರೆ ಕುಗ್ಗಿ ಬಿಗಿಯಾಗುವ ಹೀಟ್ ಶ್ರಿಂಕ್ ಸ್ಲೀವನ್ನು ಮೊದಲೇ ವೈರಿಗೆ ತೂರಿಸಿಡಿ (ಜಾಯಿಂಟ್ ಆದ ಮೇಲೆ ನೆನಪಾಗುವುದೇ ಹೆಚ್ಚು). ವೈರಿನ ದಪ್ಪಕ್ಕೆ ಸರಿಯಾದ ಬಟ್ ಕನೆಕ್ಟರಿನಲ್ಲಿ ಎರಡೂ ತುದಿ ತೂರಿಸಿ ಕ್ರಿಂಪಿಂಗ್ ಪ್ಲೈಯರಿನಿಂದ ಒತ್ತಿ. ಒತ್ತಿದ ಮೇಲೆ ಎರಡೂ ಕಡೆ ಹಿಡಿದು ಗಟ್ಟಿಯಾಗಿ ಎಳೆಯಿರಿ. ಈಗ ಕಿತ್ತುಬಂದರೆ ಒಳ್ಳೆಯದೇ, ಡ್ಯಾಶ್ ಮುಚ್ಚಿದ ಮೇಲೆ ಕಿತ್ತುಬರುವುದಕ್ಕಿಂತ ವಾಸಿ. ಬೆಸುಗೆಯೂ ಆಗುತ್ತದೆ, ಆದರೆ ಬೆಸುಗೆ ಹರಿದ ಜಾಗದಲ್ಲಿ ವೈರ್ ಸೆಟೆದುಕೊಂಡು ಕಾರಿನ ಅದುರುವಿಕೆಗೆ ಅದರ ಅಂಚಿನಲ್ಲಿ ಮುರಿಯುವುದುಂಟು. ಬೆಸೆದರೆ ಆ ಭಾಗ ಅಲ್ಲಾಡದಂತೆ ಕಟ್ಟಿಡಬೇಕು. ಬರೀ ಹೊಸೆದು ಟೇಪ್ ಸುತ್ತಿದ್ದು ಮಾತ್ರ ನಿಲ್ಲುವುದಿಲ್ಲ. ಬಿಸಿಲಿಗೆ ನಿಂತ ಕಾರಿನ ಡ್ಯಾಶ್ ಒಳಗೆ ಟೇಪಿನ ಅಂಟು ಕರಗಿ ಜಾರುತ್ತದೆ, ಒಳಗಿನ ತಾಮ್ರ ಪಕ್ಕದ ತಾಮ್ರವನ್ನು ಮುಟ್ಟುತ್ತದೆ.

ಬಳಸದ ವೈರುಗಳ ತುದಿಗೆ ಒಂದೊಂದಕ್ಕೂ ಬೇರೆ ಬೇರೆ ಸ್ಲೀವ್ ಹಾಕಿ, ಎಲ್ಲವನ್ನೂ ಸೇರಿಸಿ ಒಂದೇ ಗಂಟು ಕಟ್ಟಬೇಡಿ. ನೀಲಿ ವೈರನ್ನು ಮರೆಯಬೇಡಿ, ಬೂಸ್ಟರ್ ಇರುವ ಆಂಟೆನಾ ಆಗಿದ್ದರೆ ಅದಿಲ್ಲದೆ ಎಫ್‌ಎಂ ಗೊರಗೊರ ಎನ್ನುತ್ತದೆ. ಅದು ಸಣ್ಣ ಕರೆಂಟಿನ ವೈರ್, ಅದರಿಂದ ಬೇರೇನನ್ನೂ ಓಡಿಸಬೇಡಿ. ಫ್ಯೂಸ್ ಹಾರಿದರೆ ಅದೇ ಅಂಕಿಯದು ಹಾಕಿ. 10 ಹಾರಿತೆಂದು 20 ಹಾಕಿದರೆ ಮುಂದಿನ ಸಲ ಫ್ಯೂಸಿನ ಬದಲು ವೈರ್ ಉರಿಯುತ್ತದೆ.

ಡ್ಯಾಶ್ ಒಳಗೆ ತಳ್ಳುವ ಮುನ್ನ ಸ್ಟೀರಿಯೋವನ್ನು ಒಂದು ಬಟ್ಟೆಯ ಮೇಲೆ ಇಟ್ಟುಕೊಂಡೇ ಬ್ಯಾಟರಿ ಸೇರಿಸಿ ಪರೀಕ್ಷೆ ಮಾಡಿ. ಬ್ಯಾಲೆನ್ಸ್, ಫೇಡರ್ ಆಚೀಚೆ ಮಾಡಿ ನಾಲ್ಕೂ ಮೂಲೆ ಕೇಳಿ. ಕೀ ತೆಗೆದಾಗ ಆಫ್ ಆಗಬೇಕು, ಮತ್ತೆ ಹಾಕಿದಾಗ ಗಂಟೆ ಸರಿಯಿರಬೇಕು. ದನಿ ಏರಿಸಿ, ಮೀಟರಿನ ಒಂದು ಕಡ್ಡಿ ಕಪ್ಪು ವೈರಿಗೂ ಇನ್ನೊಂದು ಬ್ಯಾಟರಿಯ ಮೈನಸ್ಸಿಗೂ ಹಿಡಿದರೆ 0.1 ವೋಲ್ಟಿನೊಳಗೆ ಇದ್ದರೆ ಅರ್ತ್ ಗಟ್ಟಿ. ಕೂರಿಸುವಾಗ ಜೊತೆಗೆ ಬಂದ ಗಿಡ್ಡ ಸ್ಕ್ರೂಗಳನ್ನೇ ಬಳಸಿ, ಉದ್ದದ್ದು ಹಾಕಿದರೆ ಒಳಗಿನ ಬೋರ್ಡಿಗೆ ಚುಚ್ಚುತ್ತದೆ. ಮೈಕನ್ನು ಎ.ಸಿ. ಗಾಳಿ ಬೀಸದ ಕಡೆ ಅಂಟಿಸಿ.

ಕೆಲವು ದಿನದಲ್ಲಿ ಬ್ಯಾಟರಿ ಸೋತಂತೆ ಅನಿಸಿದರೆ ಮೀಟರನ್ನು 10 ಆಂಪಿಯರಿಗೆ ಇಟ್ಟು, ಕೆಂಪು ಕಡ್ಡಿಯನ್ನು ಮೀಟರಿನ 10 ಎ ತೂತಿಗೆ ಬದಲಾಯಿಸಿ, ಬ್ಯಾಟರಿಯ ಮೈನಸ್ ಟರ್ಮಿನಲ್ಲಿಗೂ ಬಿಚ್ಚಿದ ಕೇಬಲ್ಲಿಗೂ ನಡುವೆ ಸೇರಿಸಿ. ಕಾರು ಪೂರ್ತಿ ಮಲಗಲು ಅರ್ಧ ಗಂಟೆ ಕೊಡಿ. ಸಾಮಾನ್ಯವಾಗಿ 50 ಮಿಲಿ ಆಂಪಿಯರಿಗಿಂತ ಕಡಿಮೆ ಇರಬೇಕು. ಮೀಟರ್ ಹೀಗಿರುವಾಗ ಸ್ಟಾರ್ಟ್ ಮಾತ್ರ ಹೊಡೆಯಬೇಡಿ.

ಎ.ಸಿ.ಯ ಹತೋಟಿ ಹಳೆಯ ಸ್ಕ್ರೀನಿನಲ್ಲೇ ಇದ್ದರೆ, ಸ್ಟೀರಿಯೋದಿಂದ ವೈರಿನ ಬದಲು ಆಪ್ಟಿಕಲ್ ಕೇಬಲ್ ಹೊರಟಿದ್ದರೆ, ವಾಹನ 24 ವೋಲ್ಟಿನದಾಗಿದ್ದರೆ, ಅಥವಾ ನಿಮ್ಮ ಹಾಳೆಯ ಓದುಗಳು ನಾನು ಹೇಳಿದ್ದಕ್ಕೆ ಎಲ್ಲೂ ಕೂಡಿಬರದಿದ್ದರೆ, ಹಾಳೆ ಸಮೇತ ಆಟೋ ಎಲೆಕ್ಟ್ರಿಷಿಯನ್ ಬಳಿ ಹೋಗಿ. ಅವರ ಅರ್ಧ ಕೆಲಸ ನೀವು ಮಾಡಿರುತ್ತೀರಿ.

ಇನ್ನು ಆ ತಿಳಿಹಸಿರು ವೈರ್. ಅದು ಹಿಂದಿನ ಸ್ಪೀಕರಿನ ಹಸಿರಲ್ಲ, ಹ್ಯಾಂಡ್‌ಬ್ರೇಕಿನದು. ಅದರ ಮೇಲೆ ‘ಪಾರ್ಕಿಂಗ್’ ಎಂಬ ಚೀಟಿ ಇರಬಹುದು, ನೋಡಿ. ಹ್ಯಾಂಡ್‌ಬ್ರೇಕ್ ಎಳೆದಾಗ ಅದರ ಸ್ವಿಚ್ ಅರ್ತಿಗೆ ಸೇರುತ್ತದೆ, ಅದನ್ನು ಕಂಡು ಸ್ಟೀರಿಯೋ ವಿಡಿಯೋ ತೋರಿಸಲು ಒಪ್ಪುತ್ತದೆ. ನೇರ ಬಾಡಿಗೆ ಅರ್ತ್ ಮಾಡಿದರೆ ಸ್ಟೀರಿಯೋ ಪಾಲಿಗೆ ಕಾರು ಯಾವಾಗಲೂ ನಿಂತೇ ಇರುತ್ತದೆ, ಓಡಿಸುವಾಗಲೂ ಕಣ್ಣೆದುರು ಸಿನಿಮಾ ಓಡುತ್ತದೆ. ಹಾಗೆ ಮಾಡಬೇಡಿ. ಹ್ಯಾಂಡ್‌ಬ್ರೇಕ್ ಲಿವರಿನ ಬುಡದ ಸ್ವಿಚ್ಚಿನ ವೈರನ್ನು ಕೀ ಆನ್ ಇಟ್ಟು ಅಳೆಯಿರಿ. ಬ್ರೇಕ್ ಬಿಟ್ಟಾಗ 12ರ ಹತ್ತಿರ, ಎಳೆದಾಗ ಸೊನ್ನೆ ತೋರಿಸಿದರೆ ಹಸಿರು ವೈರನ್ನು ಅಲ್ಲಿಗೆ ಸೇರಿಸಿ. ಎಲೆಕ್ಟ್ರಾನಿಕ್ ಹ್ಯಾಂಡ್‌ಬ್ರೇಕ್ ಆಗಿದ್ದರೆ ಅಥವಾ ಓದು ಹೀಗೆ ಬರದಿದ್ದರೆ ತುದಿಗೆ ಸ್ಲೀವ್ ಹಾಕಿ ಸುಮ್ಮನೆ ಬಿಟ್ಟುಬಿಡಿ. ವಿಡಿಯೋ ಒಂದು ಬರುವುದಿಲ್ಲ ಅಷ್ಟೇ. ಹಾಡು, ಎಫ್‌ಎಂ, ಫೋನ್ ಯಾವುದಕ್ಕೂ ಅದು ಬೇಕಿಲ್ಲ, ರಿವರ್ಸ್ ಕ್ಯಾಮೆರಾಗೂ ಬೇಡ, ಅದಕ್ಕೆ ರಿವರ್ಸ್ ಲೈಟಿನಿಂದ ಬರುವ ಬೇರೆ ವೈರ್ ಇದೆ.